ಪೋಕ್ಕುವರವು

ಅಪ್ಪ ತೀರಿಹೋದ ಮೇಲೆ ಮಾಡಿಸಬೇಕಾಗಿದ್ದ ಕಾಗದಪತ್ರಗಳಲ್ಲಿ ಒಂದರ ಹೆಸರು ‘ಪೋಕ್ಕುವರವು’. ಮಲಯಾಳಂ ಮಾತು. ಜಾಗವನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಮಾಡಿಸುವುದು. ಕರ್ನಾಟಕದಲ್ಲಿ ಖಾತೆ ಬದಲಾವಣೆ ಅನ್ನುತ್ತಾರಲ್ಲ, ಅದೇ. ಪದಕ್ಕೆ ಪದ ಇಟ್ಟು ನೋಡಿದರೆ ‘ಹೋಗುವುದು ಬರುವುದು’. ಹೆಸರಿಟ್ಟವನಿಗೆ ಅನುಭವ ಇದ್ದಿರಬೇಕು. ಕಾಸರಗೋಡಿನಿಂದ ಮೂಡು ದಿಕ್ಕಿಗೆ ಒಂದು ಗಂಟೆ ಬಸ್ಸಿನ ದಾರಿಯಲ್ಲಿ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಅಷ್ಟಕ್ಕೆ ನಾನು ಹೋಗಿ ಬಂದದ್ದು ಹನ್ನೊಂದು ಸಲ.

ಕಾಯುವ ಹೊತ್ತಿಗೆ ಇರಲಿ ಅಂತ ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಂಡಿದ್ದೆ. ಪ್ರಾಗ್‌ನ ಲೇಖಕ ಫ್ರಾಂಜ್ ಕಾಫ್ಕಾನ ಕಾದಂಬರಿ ‘ದ ಕ್ಯಾಸಲ್’. ಕನ್ನಡದಲ್ಲಿ ಕೋಟೆ ಅನ್ನೋಣ. ಹನ್ನೊಂದನೇ ಸಲಕ್ಕೆ ಕೆಲಸವೂ ಆಯಿತು, ಪುಸ್ತಕವೂ ಮುಗಿಯಿತು. ಮುಗಿಯಿತು ಅನ್ನುವುದು ಪೂರ್ತಿ ಸರಿಯಲ್ಲ. ಬರೆದವನೇ ಅದನ್ನು ಮುಗಿಸಿರಲಿಲ್ಲ. ಒಂದು ವಾಕ್ಯದ ನಡುವೆ ನಿಂತುಬಿಡುತ್ತದೆ.

ಡಿಗ್ರಿಯಲ್ಲಿದ್ದಾಗ ಇದನ್ನೇ ಒಮ್ಮೆ ಹಿಡಿದು ಅರ್ಧಕ್ಕೆ ಬಿಟ್ಟಿದ್ದೆ. ಆಗ ನವ್ಯ ಸಾಹಿತ್ಯದ ಪಾಠದಲ್ಲಿ ‘ಪರಕೀಯ ಪ್ರಜ್ಞೆ’ ಅಂತ ಒಂದು ಮಾತು ಬರುತ್ತಿತ್ತು. ಐದು ಮಾರ್ಕಿನ ಟಿಪ್ಪಣಿಗೆ ಕೇಳುತ್ತಿದ್ದರು. ದೊಡ್ಡ ಪಟ್ಟಣ, ಬಾಡಿಗೆ ರೂಮು, ಬೂದಿ ತುಂಬಿದ ಆ್ಯಷ್‌ಟ್ರೇ, ಯಾರ ಜೊತೆಗೂ ಮಾತಾಡದ ಒಬ್ಬ ಗಂಡಸು. ನನ್ನ ತಲೆಯಲ್ಲಿ ಇದ್ದದ್ದು ಅಂಥ ಚಿತ್ರ. ತೋಟದ ಮನೆಯಲ್ಲಿ ಬೆಳೆದವನಿಗೆ ಅದೊಂದು ಶೋಕಿಯ ಕಾಯಿಲೆ ಅನಿಸಿತ್ತು. ಮಳೆ ಬಿಡುವು ಕೊಟ್ಟ ಎರಡು ಗಂಟೆಯೊಳಗೆ ಕೊಳೆರೋಗಕ್ಕೆ ಮದ್ದು ಬಿಟ್ಟು ಮುಗಿಸಬೇಕಾದವನಿಗೆ ಪರಕೀಯ ಪ್ರಜ್ಞೆ ಎಲ್ಲಿಂದ ಬರಬೇಕು?

ಇಪ್ಪತ್ತೆರಡು ವರ್ಷದ ಮೇಲೆ ವಿಲ್ಲೇಜ್ ಆಫೀಸಿನ ಬೆಂಚಿನಲ್ಲಿ ಕೂತು ಓದಿದಾಗ ಬೇರೆಯೇ ಕಂಡಿತು. ಇದು ಅರ್ಜಿ ಹಾಕಿದವನ ಕತೆ ಮಾರಾಯ್ರೇ! ಪಾಠ ಮಾಡಿದವರು ಇದನ್ನು ಯಾಕೆ ಹೇಳಲಿಲ್ಲವೋ.

ಕತೆ ಇಷ್ಟೆ. ಹಿಮ ಬಿದ್ದ ಒಂದು ರಾತ್ರಿ ಕೆ. ಅನ್ನುವವನು ಕೋಟೆಯ ಬುಡದಲ್ಲಿರುವ ಊರಿಗೆ ಬರುತ್ತಾನೆ. ತಾನು ಭೂಮಾಪಕ, ಸರ್ವೇ ಮಾಡುವವನು, ಕೋಟೆಯವರೇ ಕರೆಸಿದ್ದು ಅನ್ನುತ್ತಾನೆ. ಅಪ್ಪಣೆ ಇಲ್ಲದೆ ಇಲ್ಲಿ ರಾತ್ರಿ ಉಳಿಯುವ ಹಾಗಿಲ್ಲ ಅನ್ನುತ್ತಾರೆ. ಫೋನು ಮಾಡುತ್ತಾರೆ. ಮೊದಲು ಅಂಥವನು ಯಾರೂ ಇಲ್ಲ ಅಂತ ಉತ್ತರ. ಎರಡು ನಿಮಿಷ ಬಿಟ್ಟು, ಇದ್ದಾನೆ ಅಂತ ಉತ್ತರ. ಅಲ್ಲಿಂದ ಮುಂದೆ ಅವನು ಮಾಡುವುದು ಒಂದೇ ಕೆಲಸ: ಕೋಟೆಯಲ್ಲಿ ಯಾರಾದರೂ ಒಬ್ಬರ ಹತ್ತಿರ ತನ್ನ ವಿಷಯ ನೇರ ಮಾತಾಡುವುದು. ಕೊನೆಯವರೆಗೂ ಅದು ಆಗುವುದಿಲ್ಲ. ಒಂದು ಗಜ ಭೂಮಿಯನ್ನೂ ಅವನು ಅಳೆಯುವುದಿಲ್ಲ. ಶಾಲೆಯ ಜವಾನನ ಕೆಲಸ ಸಿಗುತ್ತದೆ. ಆದರೂ ನಡುವೆ ಕೋಟೆಯಿಂದ ಒಂದು ಪತ್ರ ಬರುತ್ತದೆ: ನೀವು ಈವರೆಗೆ ಮಾಡಿದ ಸರ್ವೇ ಕೆಲಸ ನಮಗೆ ಸಮಾಧಾನ ತಂದಿದೆ, ಹೀಗೇ ಮುಂದುವರಿಸಿ. ಅದನ್ನು ಓದುವಾಗ ನನಗೆ ಜೋರಾಗಿ ನಗು ಬಂತು. ಟೋಕನ್ ಹಿಡಿದು ಕೂತಿದ್ದ ಅಜ್ಜಿಯೊಬ್ಬರು ತಿರುಗಿ ನೋಡಿದರು.

ನಮ್ಮ ಕಡೆಯವರಿಗೆ ಕೋಟೆ ಅಂದರೆ ಬೇಕಲ. ಕೆಂಪು ಮುರಕಲ್ಲು, ಬತೇರಿ, ಕೆಳಗೆ ಸಮುದ್ರ. ಕಾಫ್ಕಾನ ಕೋಟೆ ಹಾಗಿಲ್ಲ. ಮರುದಿನ ಬೆಳಗ್ಗೆ ಕೆ. ಕಣ್ಣೆತ್ತಿ ನೋಡಿದರೆ ಅದೊಂದು ಬಡ ಪೇಟೆಯ ಹಾಗೆ ಕಾಣುತ್ತದೆ. ಒತ್ತೊತ್ತಾಗಿ ಗಿಡ್ಡ ಕಟ್ಟಡಗಳು, ಒಂದೇ ಒಂದು ಗೋಪುರ, ಸುತ್ತ ಕಾಗೆ. ದೂರಕ್ಕೆ ಕೋಟೆ, ಹತ್ತಿರ ಹೋದರೆ ತಾಲೂಕು ಆಫೀಸು.

ಇಡೀ ಪುಸ್ತಕದಲ್ಲಿ ನಾನು ಮೂರು ಸಲ ಓದಿದ್ದು ಊರಿನ ಮುಖಂಡನ ಮನೆಯ ಅಧ್ಯಾಯ. ಅವನಿಗೆ ಕಾಲುನೋವು, ಹಾಸಿಗೆಯಲ್ಲೇ ಇದ್ದಾನೆ. ಭೂಮಾಪಕನನ್ನು ನೇಮಿಸುವ ಆದೇಶ ಬಂದದ್ದು ಹೌದು, ಎಷ್ಟೋ ವರ್ಷ ಹಿಂದೆ, ಅನ್ನುತ್ತಾನೆ. ಹೆಂಡತಿಗೆ ಕಪಾಟು ತೆರೆಯಲು ಹೇಳುತ್ತಾನೆ. ತೆರೆದದ್ದೇ ಫೈಲಿನ ಎರಡು ದೊಡ್ಡ ಕಟ್ಟು ಉರುಳಿ ಬೀಳುತ್ತವೆ, ಸೌದೆಯ ಹೊರೆ ಕಟ್ಟಿದ ಹಾಗೆ ದುಂಡಗೆ ಕಟ್ಟಿದ್ದು. ಆಕೆ ನೆಲದಲ್ಲಿ ಕೂತು ಮೇಣದಬತ್ತಿ ಬೆಳಕಲ್ಲಿ ಹುಡುಕುತ್ತಾಳೆ. ಸಿಗುವುದಿಲ್ಲ. ತೆಗೆದ ಫೈಲನ್ನೆಲ್ಲ ಮತ್ತೆ ತುಂಬುವುದಕ್ಕೂ ಆಗುವುದಿಲ್ಲ. ಕೆ.ಯ ಇಬ್ಬರು ಸಹಾಯಕರು ಕಪಾಟನ್ನೇ ನೆಲಕ್ಕೆ ಮಲಗಿಸಿ, ಫೈಲು ತುರುಕಿ, ಬಾಗಿಲ ಮೇಲೆ ಕೂತು ಒತ್ತುತ್ತಾರೆ. ಅಷ್ಟು ಹೊತ್ತೂ ಮುಖಂಡ ಕತೆ ಹೇಳುತ್ತಿರುತ್ತಾನೆ. ‘ಎ’ ವಿಭಾಗದಿಂದ ಆದೇಶ ಬಂತು. ನಮಗೆ ಭೂಮಾಪಕ ಬೇಡ ಅಂತ ಉತ್ತರ ಬರೆದೆವು. ಉತ್ತರ ತಪ್ಪಿ ‘ಬಿ’ ವಿಭಾಗಕ್ಕೆ ಹೋಯಿತು. ಅಲ್ಲಿಗೂ ಹೋದದ್ದು ಬರೀ ಲಕೋಟೆ, ಒಳಗೆ ಕಾಗದ ಇರಲಿಲ್ಲ. ಆ ಖಾಲಿ ಲಕೋಟೆ ಹಿಡಿದು ಒಬ್ಬ ಪ್ರಾಮಾಣಿಕ ಅಧಿಕಾರಿ ವರ್ಷಗಟ್ಟಲೆ ವಿಚಾರಣೆ ನಡೆಸಿದ. ಕೋಟೆಯಲ್ಲಿ ತಪ್ಪು ಆಗಬಹುದು ಅನ್ನುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಅಲ್ಲಿನ ಕೆಲಸದ ರೀತಿ.

ಗಮನಿಸಿ, ಇಲ್ಲಿ ಯಾರೂ ಕೆಟ್ಟವರಲ್ಲ. ಲಂಚ ಕೇಳಿದವರಿಲ್ಲ, ಗದರಿಸಿದವರಿಲ್ಲ. ನನ್ನ ಹನ್ನೊಂದು ಸಲದಲ್ಲೂ ಅಷ್ಟೆ. ಎಲ್ಲರೂ ‘ಇರಿಕ್ಕೂ ಸಾರೇ’ ಅಂದರು. ಕೂತೆ.

ನನ್ನ ತೊಡಕು ಒಂದು ಅಕ್ಷರದ್ದು. ಅಪ್ಪನ ಹೆಸರು ‘ಪ್ಪ’ದಲ್ಲಿ ಮುಗಿಯುತ್ತದೆ. ಹಳೇ ಕನ್ನಡ ದಾಖಲೆಯಲ್ಲಿ ಹಾಗೇ ಇತ್ತು. ಯಾವಾಗಲೋ ಮಲಯಾಳಂ ರಿಜಿಸ್ಟರಿಗೆ ಇಳಿಸುವಾಗ ಅದು ‘ಪ್ಪನ್’ ಆಯಿತು. ರೇಷನ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ ಹೋಯಿತು. ಆಧಾರ್‌ನಲ್ಲಿ ಮನೆತನದ ಹೆಸರು ಮುಂದೆ ಬಂತು. ಮರಣ ಸರ್ಟಿಫಿಕೇಟಿನಲ್ಲಿ ಮತ್ತೆ ‘ಪ್ಪ’, ಆದರೆ ಇನಿಷಿಯಲ್ ಇಲ್ಲ. ಬದುಕಿದ್ದಾಗ ಒಬ್ಬರೇ ಇದ್ದ ಅಪ್ಪ ತೀರಿಕೊಂಡ ಮೇಲೆ ನಾಲ್ಕು ಜನ ಆದರು. ತೋಟ ಒಬ್ಬರದ್ದು, ಸತ್ತದ್ದು ಇನ್ನೊಬ್ಬರು, ನಾನು ಮೂರನೆಯವರ ಮಗ.

ಇದಕ್ಕೆ ಕೇರಳದಲ್ಲಿ ಒಂದು ಮದ್ದು ಉಂಟು. ‘ಒನ್ ಆ್ಯಂಡ್ ಸೇಮ್ ಸರ್ಟಿಫಿಕೇಟು’. ಈ ಹೆಸರಿನವರೂ ಆ ಹೆಸರಿನವರೂ ಒಬ್ಬರೇ ಅಂತ ಬರೆದುಕೊಡುವ ಕಾಗದ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಚಟಪಟ ಟೈಪು ಮಾಡುತ್ತಾ, ‘ಇದು ಎಲ್ಲರಿಗೂ ಬೇಕಾಗ್ತದೆ ಅಣ್ಣ, ಇಲ್ಲಿ ಒಂದೇ ಹೆಸರಿನವರು ಯಾರೂ ಇಲ್ಲ’ ಅಂದಳು. ಸುಮ್ನೆ ಹೇಳಿದ ಮಾತು. ನಾನು ಮನೆಗೆ ಹೋಗಿ ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಡೈರಿ ಅಂದಾಗ ನೆನಪಾಯಿತು. 1922ರ ಜನವರಿಯಲ್ಲಿ ಕಾಫ್ಕಾ ಮೈ ಮನಸ್ಸು ಸೋತು ಗಾಳಿ ಬದಲಾಗಲಿ ಅಂತ ಸ್ಪಿಂಡಲ್‌ಮ್ಯೂಲೆ ಅನ್ನುವ ಬೆಟ್ಟದೂರಿಗೆ ಹೋಗಿದ್ದ. ಹೋಟೆಲಿಗೆ ಮೊದಲೇ ತನ್ನ ಹೆಸರನ್ನು ಸ್ಪಷ್ಟವಾಗಿ ಬರೆದು ತಿಳಿಸಿದ್ದ. ಅವರು ಉತ್ತರ ಬರೆದಾಗ ಹೆಸರು ಸರಿಯಾಗಿಯೇ ಇತ್ತು. ಹೋಗಿ ನೋಡಿದರೆ ಕೆಳಗಿನ ಬೋರ್ಡಿನಲ್ಲಿ ‘ಜೋಸೆಫ್ ಕೆ.’ ಅಂತ ಬರೆದಿತ್ತು. ಏಳೆಂಟು ವರ್ಷ ಹಿಂದೆ ಅವನೇ ಬರೆದು ಅರ್ಧಕ್ಕೆ ಬಿಟ್ಟಿದ್ದ, ಆಗಿನ್ನೂ ಅಚ್ಚಾಗದ ಕಾದಂಬರಿಯೊಂದರ ನಾಯಕನ ಹೆಸರು ಅದು! ಅವರಿಗೆ ಹೇಳಿ ಸರಿಮಾಡಿಸಲೋ, ಇಲ್ಲ ಅವರಿಂದಲೇ ನನ್ನನ್ನು ಸರಿಮಾಡಿಸಿಕೊಳ್ಳಲೋ ಅನ್ನುವ ಅರ್ಥದ ಒಂದು ಮಾತನ್ನು ಅವತ್ತು ಡೈರಿಯಲ್ಲಿ ಬರೆದ. ಈ ಕೋಟೆಯ ಕಾದಂಬರಿ ಶುರುವಾದದ್ದು ಅದೇ ಹಿಮದ ದಿನಗಳಲ್ಲಿ. ಮೊದಲು ‘ನಾನು’ ಅಂತಲೇ ಬರೆಯುತ್ತಾ ಹೋಗಿ, ನಡುವೆ ಎಲ್ಲ ‘ನಾನು’ಗಳನ್ನು ಹೊಡೆದು ‘ಕೆ.’ ಮಾಡಿದ. ಅದೇ ವರ್ಷ ಬರೆಯುವುದನ್ನು ಬಿಟ್ಟ. 1924ರಲ್ಲಿ ತೀರಿಕೊಂಡ. ಗೆಳೆಯ ಮ್ಯಾಕ್ಸ್ ಬ್ರೋಡ್ 1926ರಲ್ಲಿ ಅದನ್ನು ಅಚ್ಚು ಹಾಕಿಸಿದ.

ಕಾಫ್ಕಾ ಕೌಂಟರಿನ ಹೊರಗೆ ನಿಂತವನು ಮಾತ್ರ ಅಲ್ಲ ಅನ್ನುವುದನ್ನೂ ಹೇಳಬೇಕು. ಒಳಗೆ ಕೂತವನು ಅವನೇ. ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮೆಯ ಸಂಸ್ಥೆಯಲ್ಲಿ 1908ರಿಂದ 1922ರವರೆಗೆ ಕೆಲಸ. ಮರ ಕೀಸುವ ಮೆಷಿನ್ನಿಗೆ ಬೆರಳು ಕೊಟ್ಟವರ ಫೈಲುಗಳನ್ನು ನೋಡಿದವನು. ಆ ಕಪಾಟಿನ ಒಳಗು ಅವನಿಗೆ ಗೊತ್ತಿತ್ತು.

ಇನ್ನೊಂದು ವಿಷಯ ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಹಾಗೇ ಕೂತೆ. ಅವನ ಮನೆಮಾತು ಜರ್ಮನ್. ಊರಿನ ಹೆಚ್ಚಿನವರದ್ದು ಚೆಕ್. 1918ರಲ್ಲಿ ಹಳೇ ಸಾಮ್ರಾಜ್ಯ ಮುರಿದು ಚೆಕೊಸ್ಲೊವಾಕಿಯ ಆಯಿತು. ಅವನು ಕೂತ ಕುರ್ಚಿ ಕದಲಲಿಲ್ಲ, ಆಫೀಸಿನ ಭಾಷೆ ಬದಲಾಯಿತು. ಚೆಕ್ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಮೇಲಧಿಕಾರಿಗೆ ರಜೆಯ ಅರ್ಜಿ ಬರೆಯುವಾಗ ಧೈರ್ಯ ಸಾಲದೆ ತಂಗಿ ಒಟ್ಲಾಳ ಗಂಡನ ಕೈಯಲ್ಲಿ ತಿದ್ದಿಸುತ್ತಿದ್ದ. ಆತ ಚೆಕ್ ಮನುಷ್ಯ.

ನನ್ನ ತಂಗಿಯ ಗಂಡ ಕಾಞಂಗಾಡಿನವನು. ನನ್ನ ಹನ್ನೊಂದೂ ಅರ್ಜಿ ಬರೆದುಕೊಟ್ಟದ್ದು ಅವನೇ. ನನಗೆ ಮಲಯಾಳಂ ಮಾತಾಡಲು ಬರುತ್ತದೆ. ಬಸ್ಸಲ್ಲಿ, ಮೀನಿನವನ ಹತ್ತಿರ, ಮದುವೆಮನೆಯಲ್ಲಿ ಸಲೀಸು. ಅರ್ಜಿಯ ಮಲಯಾಳಂ ಬೇರೆ. ‘ಇಲ್ಲಿ ವಿನೀತನಾಗಿ ಅಂತ ಹಾಕ್ತೇನೆ ಭಾವ, ಇಲ್ಲದಿದ್ದರೆ ಜಗಳಕ್ಕೆ ಬಂದ ಹಾಗೆ ಕಾಣ್ತದೆ’ ಅನ್ನುತ್ತಾನೆ. ನಲವತ್ತು ದಾಟಿದ ನಾನು ತಂಗಿಯ ಊಟದ ಮೇಜಿನಲ್ಲಿ ಕೂತು ಅಕ್ಷರ ತಿದ್ದಿಸಿಕೊಳ್ಳುತ್ತೇನೆ.

ನಮ್ಮ ಕುರ್ಚಿ ಕದಲದೆ ಭಾಷೆ ಬದಲಾದದ್ದು 1956ರ ನವೆಂಬರ್ 1ಕ್ಕೆ. ಅಲ್ಲಿಯವರೆಗೆ ಮದ್ರಾಸಿನ ಸೌತ್ ಕೆನರಾ ಜಿಲ್ಲೆಯ ಕಾಸರಗೋಡು ತಾಲೂಕು. ಮರುದಿನ ಕೇರಳ. ಗಡಿ ತಗಾದೆ ನೋಡಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಆಗಿನ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ ಸೇರಲಿ ಅಂತ ವರದಿ ಕೊಟ್ಟಿತು. ವರದಿ ಯಾವ ಕಪಾಟಿನಲ್ಲಿದೆಯೋ, ಯಾರು ಬಾಗಿಲ ಮೇಲೆ ಕೂತಿದ್ದಾರೋ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಒಂದು ವಿಷಯ ಮಾತ್ರ. ನಮ್ಮ ಮಂಜೇಶ್ವರದ ಗೋವಿಂದ ಪೈ ಹುಟ್ಟಿದ್ದು 1883ರ ಮಾರ್ಚ್ 23ಕ್ಕೆ. ಕಾಫ್ಕಾ ಅದೇ ವರ್ಷ ಜುಲೈ 3ಕ್ಕೆ. ಪೈಗಳು 1963ರವರೆಗೆ ಇದ್ದರು. 1949ರಲ್ಲಿ ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿ ಅನಿಸಿಕೊಂಡ ಕನ್ನಡದ ಕವಿ, ಮನೆ ಬಿಟ್ಟು ಎಲ್ಲೂ ಹೋಗದೆ ಕೊನೆಯ ಏಳು ವರ್ಷ ಕೇರಳದಲ್ಲಿ ಕಳೆದರು.

ಕಾದಂಬರಿಯಲ್ಲಿ ಹೋಟೆಲಿನ ಒಡತಿಯೊಬ್ಬಳು ಕೆ.ಗೆ ಮುಖಕ್ಕೇ ಹೇಳುತ್ತಾಳೆ: ನೀವು ಕೋಟೆಯವರೂ ಅಲ್ಲ, ಊರಿನವರೂ ಅಲ್ಲ, ಏನೂ ಅಲ್ಲ. ಪರಸ್ಥಳದವರು, ಎಲ್ಲ ಕಡೆ ಕಾಲಿಗೆ ಅಡ್ಡ ಸಿಗುವವರು. ನನ್ನ ಅಕ್ಕನ ಮಗಳು ಬಾಲವಾಡಿಯಿಂದ ಪ್ಲಸ್ ಟೂವರೆಗೆ ಕಾಸರಗೋಡಿನಲ್ಲೇ ಕಲಿತವಳು. ಇಲ್ಲಿ ಅವಳು ಭಾಷಾ ಅಲ್ಪಸಂಖ್ಯಾತೆ. ಇಂಜಿನಿಯರಿಂಗಿಗೆ ಕರ್ನಾಟಕದ ಸಿಇಟಿ ಬರೆದಾಗ ಅಲ್ಲಿ ‘ಗಡಿನಾಡ ಕನ್ನಡತಿ’. ಅದಕ್ಕೆ ಬೇರೆ ಒಂದು ಕನ್ನಡ ಪರೀಕ್ಷೆ ಬರೆದು ತನಗೆ ಕನ್ನಡ ಬರುತ್ತದೆ ಅಂತ ತೋರಿಸಬೇಕಾಯಿತು. ಪಾಸಾದಳು ಅನ್ನಿ. ‘ಮಾಮ, ಫೇಲಾಗಿದ್ದರೆ ನಾನು ಯಾರು?’ ಅಂತ ಕೇಳಿದಳು. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿ ಒಳದಾರಿಗಳಿಗೆ ಲಾರಿಯಲ್ಲಿ ತಂದು ಮಣ್ಣು ಸುರಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ದಿನಾ ಮಂಗಳೂರಿಗೆ ಡಯಾಲಿಸಿಸ್‌ಗೆ, ಕೆಲಸಕ್ಕೆ, ಕಾಲೇಜಿಗೆ ಹೋಗುವವರು ಮಣ್ಣಿನ ಈಚೆ ನಿಂತು ಆಚೆಯ ರಸ್ತೆಯನ್ನು ನೋಡಿದರು. ಅಲ್ಲಿಯ ಬೋರ್ಡು ಕನ್ನಡದಲ್ಲೇ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ನಮ್ಮವರು ಚಪ್ಪಾಳೆ ತಟ್ಟಿಯಾರು. ಆದರೆ ಕಾಫ್ಕಾನನ್ನು ಹಿಡಿದುಕೊಂಡು ಸುಲಭಕ್ಕೆ ಅಳಲು ಆಗುವುದಿಲ್ಲ. ಅವನ ಜರ್ಮನ್ ಒಂದು ಕಾಲದಲ್ಲಿ ಆಳುವವರ ಭಾಷೆಯಾಗಿತ್ತು. ನಮ್ಮ ಕನ್ನಡವೂ ಹಾಗೇ ಅಲ್ವಾ? ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಮರಾಠಿಯೋ ಮಾತಾಡುವ ಊರಿನಲ್ಲಿ ಶಾಲೆ, ಕಚೇರಿ, ದಸ್ತಾವೇಜು ಎಲ್ಲ ಕನ್ನಡ. ಗುಡ್ಡದ ಬದಿಯ ಕೊರಗ ಬುಡಕಟ್ಟಿನವರಿಗೆ ಕನ್ನಡದಲ್ಲಿ ಜಾಗದ ಪಟ್ಟೆ ಇರಲಿಲ್ಲ, ಮಲಯಾಳಂ ಬಂದ ಮೇಲೆಯೂ ಸುಲಭಕ್ಕೆ ಸಿಗಲಿಲ್ಲ. ಬುಟ್ಟಿ ಹೆಣೆದು ತಂದ ಅವರು ನಮ್ಮ ಅಂಗಳದ ಆಚೆ ನಿಲ್ಲುತ್ತಿದ್ದದ್ದು ನನಗೆ ನೆನಪಿದೆ. ಅವರಿಗೆ ನಮ್ಮ ಮನೆಯೇ ಕೋಟೆ. ಹತ್ತಿರದಿಂದ ನೋಡಿದರೆ ಹಂಚು ಸೋರುವ ಮನೆ ಅದು. ಆ ಹತ್ತಿರಕ್ಕೆ ಅವರನ್ನು ಯಾರೂ ಬಿಟ್ಟಿರಲಿಲ್ಲ.

ಕಾದಂಬರಿ ಹೇಗೆ ಮುಗಿಯಬೇಕಿತ್ತು ಅಂತ ಕಾಫ್ಕಾ ಬ್ರೋಡ್‌ಗೆ ಹೇಳಿದ್ದನಂತೆ. ಕೆ. ದಣಿದು ಸಾಯಲು ಬಿದ್ದಿರುತ್ತಾನೆ. ಊರವರೆಲ್ಲ ಮಂಚದ ಸುತ್ತ ಸೇರಿರುತ್ತಾರೆ. ಆಗ ಕೋಟೆಯಿಂದ ತೀರ್ಮಾನ ಬರುತ್ತದೆ: ಈ ಊರಿನಲ್ಲಿ ವಾಸಿಸುವ ಹಕ್ಕು ಇವನಿಗೆ ಇಲ್ಲ, ಆದರೆ ಬೇರೆ ಕೆಲವು ಸಂಗತಿಗಳನ್ನು ನೋಡಿ ಇಲ್ಲಿ ಇದ್ದು ದುಡಿದು ಬದುಕಲು ಬಿಡಲಾಗಿದೆ.

ಓದಿದ ಕೂಡಲೇ ನನಗೆ ಕುಮ್ಕಿ ನೆನಪಾಯಿತು. ಗಟ್ಟದ ಮೇಲಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಹಳೇ ಜಿಲ್ಲೆಯಲ್ಲಿ ವರ್ಗ ಜಾಗಕ್ಕೆ, ಅಂದರೆ ಸ್ವಂತ ಹೆಸರಿನ ಜಾಗಕ್ಕೆ, ತಾಗಿ 100 ಗಜದೊಳಗಿನ ಸರ್ಕಾರಿ ಜಾಗ ಕುಮ್ಕಿ. ಅಲ್ಲಿಂದ ಸೊಪ್ಪು ತರಬಹುದು, ಕಟ್ಟಿಗೆ ತರಬಹುದು, ದನ ಮೇಯಿಸಬಹುದು. ಜಾಗ ನಿಮ್ಮದಲ್ಲ. ಆದರೆ ಬೇರೆಯವರು ಬರುವ ಹಾಗಿಲ್ಲ. ಮೂರು ತಲೆಮಾರು ಅದರ ತರಗೆಲೆ ಗುಡಿಸಿ ಹಟ್ಟಿಗೆ ಹಾಕಿರುತ್ತೀರಿ, ಯಾವ ಮರ ಯಾವಾಗ ಚಿಗುರುತ್ತದೆ ಗೊತ್ತಿರುತ್ತದೆ, ಕಾಗದದಲ್ಲಿ ಮಾತ್ರ ನಿಮ್ಮ ಹೆಸರಿಲ್ಲ. ಕಾಸರಗೋಡಿನ ಕನ್ನಡಿಗರು ಎರಡು ರಾಜ್ಯಗಳ ಕುಮ್ಕಿಯಲ್ಲಿ ಇದ್ದೇವೆ ಅನ್ನಿ. ತರಗೆಲೆಗೆ ಅಡ್ಡಿಯಿಲ್ಲ.

ಈ ಕುಮ್ಕಿಯಿಂದಲೇ ನನ್ನ ಒಂಬತ್ತನೇ ಸಲದ ಹೋಗಿ ಬರುವಿಕೆ ಬೇರೆ ರೀತಿ ಆಯಿತು. ಅಲ್ಲಿದ್ದ ಆಫೀಸರು ಕೊಲ್ಲಂ ಕಡೆಯವರು. ಆ ಕಡೆಯವರು ಕಾಸರಗೋಡಿನ ಪೋಸ್ಟಿಂಗ್ ಅಂದರೆ ಪನಿಷ್‌ಮೆಂಟ್ ಅನ್ನುತ್ತಾರೆ. ಶುಕ್ರವಾರ ಸಂಜೆ ಮಾವೇಲಿ ಎಕ್ಸ್‌ಪ್ರೆಸ್ಸಿಗೆ ಹೋಗುವುದು, ಸೋಮವಾರ ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಇಳಿಯುವುದು. ಮೂರು ಸಲ ಟ್ರಾನ್ಸ್‌ಫರಿಗೆ ಅರ್ಜಿ ಹಾಕಿದ್ದಾರೆ ಅಂತ ಜವಾನ ಹೇಳಿದ. ಅವತ್ತು ಅವರ ಮೇಜಿನಲ್ಲಿ ನಮ್ಮ ಫೈಲು ಬಿಚ್ಚಿತ್ತು. ಒಳಗೆ 1931ರ ಒಂದು ದಸ್ತಾವೇಜು, ಕೂಡು ಅಕ್ಷರದ ಕನ್ನಡ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

‘ಈ ಕುಮ್ಕಿ ಅಂದರೆ ಏನು?’ ಅಂತ ಮಲಯಾಳಂನಲ್ಲಿ ಕೇಳಿದರು. ‘ನಮ್ಮ ಊರಲ್ಲಿ ಇಂಥದ್ದು ಇಲ್ಲ. ಇಲ್ಲಿ ಬಂದ ಮೇಲೆ ದಿನಾ ಕೇಳ್ತೇನೆ. ಯಾರನ್ನು ಕೇಳಿದರೂ ಒಂದೊಂದು ಹೇಳ್ತಾರೆ.’

ಹೇಳಿದೆ. ಆಮೇಲೆ ಕುರ್ಚಿ ತೋರಿಸಿ, ಇದನ್ನು ಒಮ್ಮೆ ಓದಿ ಹೇಳುತ್ತೀರಾ ಅಂದರು. ಎಂಟು ಸಲ ಬೆಂಚಿನಲ್ಲಿ ಕೂತವನು ಮೊದಲ ಸಲ ಕೌಂಟರಿನ ಒಳಗೆ ಹೋದೆ. ಚಕ್ಕುಬಂದಿ ಓದಿದೆ. ‘ಮೂಡು’ ಅಂದರೆ ಗೊತ್ತಾಗಲಿಲ್ಲ, ‘ಪಡು’ ಗೊತ್ತಾಗಲಿಲ್ಲ. ‘ತೆಂಕು’ ಅಂದಾಗ ಮುಖ ಅರಳಿತು, ‘ತೆಕ್ಕ್!’ ಅಂದರು. ‘ಬಡಗು ತೋಡು’ ಅಂದಾಗ ತೋಡು ಹಾಗೇ ಗೊತ್ತಾಯಿತು, ಎರಡೂ ಭಾಷೆಗೆ ಒಂದೇ. ಪೆನ್ಸಿಲಿನಲ್ಲಿ ಒಂದು ಚೌಕ ಬರೆದು ನಾಲ್ಕು ಬದಿಗೆ ಬರೆದುಕೊಂಡರು. ನಂತರ ಮೊದಲಿನಿಂದ ಓದಿ ಅಂದರು. ಓದಿದೆ. ಮುತ್ತಜ್ಜನ ಹೆಸರಿನ ಮುಂದೆ ಹೀಗಿತ್ತು: ‘ಪುತ್ತೂರು ತಾಲೂಕಿನಿಂದ ಬಂದು ಸದ್ರಿ ಗ್ರಾಮದಲ್ಲಿ ವಾಸವಾಗಿರುವ’.

ಇದು ನನಗೆ ಗೊತ್ತಿರಲಿಲ್ಲ. ನಾವು ಇಲ್ಲಿಯವರೇ, ದೈವದ ಕಲ್ಲು ಹಾಕಿದ್ದೇ ನಮ್ಮ ಹಿರಿಯರು ಅಂತ ಅಪ್ಪ ಹೇಳುತ್ತಿದ್ದರು.

ಅದನ್ನೂ ಮಲಯಾಳಂ ಮಾಡಿ ಹೇಳಿದೆ. ಅವರು ಪೆನ್ಸಿಲು ಕೆಳಗಿಟ್ಟು ನಕ್ಕರು. ‘ಅಪ್ಪೋ ನಿಙ್ಙಳುಂ ವರತ್ತನ್!’ ಅಂದರು. ಹಾಗಾದರೆ ನೀವೂ ಹೊರಗಿಂದ ಬಂದವರೇ. ಜವಾನನಿಗೆ ಎರಡು ಚಾ ಹೇಳಿದರು.

ಹನ್ನೊಂದನೇ ಸಲ ಹೋದಾಗ ಆ ಕುರ್ಚಿಯಲ್ಲಿ ಬೇರೆಯವರಿದ್ದರು. ಟ್ರಾನ್ಸ್‌ಫರ್ ಸಿಕ್ಕಿತಂತೆ. ಹೋಗುವ ಮೊದಲು ನನ್ನ ಫೈಲಿಗೆ ಸಹಿ ಹಾಕಿದ್ದರು. ಫೈಲಿನ ಒಳಗೆ ಆ ಪೆನ್ಸಿಲಿನ ಚೌಕವೂ ಇತ್ತು, ನಾಲ್ಕು ಬದಿಗೆ ಮಲಯಾಳಂ ಅಕ್ಷರದಲ್ಲಿ ಮೂಡು, ತೆಂಕು, ಪಡು, ಬಡಗು. ತೀರ್ವೆ ಕಟ್ಟಿ ರಶೀದಿ ತೆಗೆದುಕೊಂಡು ಮನೆಗೆ ಬಂದೆ.

ಅವತ್ತು ತಂಗಿ, ಭಾವ ಬಂದಿದ್ದರು. ಭಾವ ರಶೀದಿ ಕೈಗೆ ತೆಗೆದುಕೊಂಡು ಓದಿದ. ಇನ್ನೊಮ್ಮೆ ಓದಿದ. ನನ್ನ ಹೆಸರಿನ ಕೊನೆಗೂ ಒಂದು ‘ನ್’ ಸೇರಿತ್ತು.

‘ಎಂತ ಮಾಡುದು ಭಾವ? ಸರಿಮಾಡ್ಲಿಕ್ಕೆ ಅರ್ಜಿ ಬರೀಬೇಕಾ?’

ನನಗೆ ಸ್ಪಿಂಡಲ್‌ಮ್ಯೂಲೆಯ ಬೋರ್ಡು ನೆನಪಾಯಿತು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಇತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ‘ಮೊದಲು ಇದನ್ನು ಒಳಗೆ ಹಾಕುವ’ ಅಂದೆ. ಇಬ್ಬರೂ ಎದ್ದು ಟಾರ್ಪಾಲಿನ ಒಂದೊಂದು ಕೊನೆ ಹಿಡಿದೆವು.